ಹೊಸ ವ್ಯಾಯಾಮದ ನಂತರ ಸೊಂಟದಲ್ಲಿ ಕಾಣುವ ಬದಲಾವಣೆಗಳು: ಕಾರಣ ಪತ್ತೆಹಚ್ಚುವ ಕೈಪಿಡಿ

ಜಿಮ್‌ಗೆ ಸೇರಿದವರು, ಯೋಗ ತರಗತಿಗೆ ಹೋಗತೊಡಗಿದವರು, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆಂದು ಕೋಲಾರದ ಕ್ರೀಡಾಂಗಣದಲ್ಲಿ ನಸುಕಿನಲ್ಲೇ 1600 ಮೀಟರ್ ಓಟದ ಅಭ್ಯಾಸಕ್ಕಿಳಿದ ಹುಡುಗರು, ಸಕ್ಕರೆ ಕಾಯಿಲೆಯ ಭಯದಿಂದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಲಾರಂಭಿಸಿದ ಮಧ್ಯವಯಸ್ಕರು, ಇವರೆಲ್ಲ ಕೆಲವೇ ವಾರಗಳಲ್ಲಿ ಸೊಂಟದ ಬಗ್ಗೆ ಒಂದಲ್ಲ ಒಂದು ದೂರು ಹೇಳುವುದನ್ನು ಫಿಸಿಯೋಥೆರಪಿ ವೃತ್ತಿಯಲ್ಲಿರುವ ನಾನು ಮತ್ತೆ ಮತ್ತೆ ಕೇಳುತ್ತೇನೆ. ಎಲ್ಲ ದೂರುಗಳೂ ನೋವಿನವೇ ಆಗಿರುವುದಿಲ್ಲ. ಬೆನ್ನೆಲುಬಿನ ಎರಡೂ ಬದಿ ಉಬ್ಬಿಕೊಂಡು ನಡುವೆ ತೋಡು ಬಿದ್ದಂತೆ ಕಾಣುವುದು, ಕನ್ನಡಿಯಲ್ಲಿ ಒಂದು ಬದಿಯ ಸೊಂಟ ಮೇಲಿದ್ದಂತೆ ತೋರುವುದು, ಬಾಗಿದಾಗ ಒಳಗೆ ಸದ್ದಾಗುವುದು, ಬೆಳಿಗ್ಗೆ ಎದ್ದಾಗ ಸೊಂಟ ಹಿಡಿದುಕೊಂಡಿರುವುದು, ಕಾಲಿನವರೆಗೂ ಜೋಮು ಇಳಿಯುವುದು, ಇವೆಲ್ಲವನ್ನೂ ಜನ "ಸೊಂಟದಲ್ಲಿ ಏನೋ ಆಗಿದೆ" ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ.

ಆ ಮಾತಿನ ಬೆನ್ನಲ್ಲೇ ಎರಡರಲ್ಲೊಂದು ತೀರ್ಮಾನ ಬರುತ್ತದೆ. ಡಿಸ್ಕ್ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ) ಜಾರಿದೆ ಎಂದು ಹೆದರಿ ವ್ಯಾಯಾಮವನ್ನೇ ಬಿಡುವವರು ಒಂದು ಕಡೆ. ಶುರುವಿನಲ್ಲಿ ಹೀಗೆಲ್ಲ ಆಗುವುದು ಸಹಜ ಎಂದುಕೊಂಡು ತೂಕ ಏರಿಸುತ್ತಲೇ ಹೋಗುವವರು ಇನ್ನೊಂದು ಕಡೆ. ಈ ಎರಡೂ ತೀರ್ಮಾನಗಳಿಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಬದಲಾವಣೆಯನ್ನು ವ್ಯಾಯಾಮ ಉಂಟುಮಾಡಿತೋ, ಅಥವಾ ಮೊದಲೇ ಇದ್ದುದನ್ನು ವ್ಯಾಯಾಮ ಬಯಲಿಗೆ ತಂದಿತೋ? ಮೊದಲನೆಯದಾದರೆ ವ್ಯಾಯಾಮವನ್ನು ತಿದ್ದಿದರೆ ಸಾಕಾಗುತ್ತದೆ. ಎರಡನೆಯದಾದರೆ ಎಷ್ಟು ತಿದ್ದಿದರೂ ಮೂಲ ಹಾಗೆಯೇ ಉಳಿಯುತ್ತದೆ, ಮತ್ತು ನಮ್ಮ ಜಿಲ್ಲೆಯಂಥ ಕಡೆ ಆ ಮೂಲ ಕೆಲವೊಮ್ಮೆ ಕುಡಿಯುವ ನೀರಿನಲ್ಲಿರುತ್ತದೆ. ಮುಂದೆ ಹೇಳುವ ಕ್ರಮವೆಲ್ಲ ಈ ಎರಡನ್ನು ಬೇರ್ಪಡಿಸುವುದಕ್ಕಾಗಿಯೇ ಇದೆ.

ಕಾಯಬಾರದ ಲಕ್ಷಣಗಳು

ಯಾವುದೇ ಪರೀಕ್ಷೆಗೆ ತೊಡಗುವ ಮುನ್ನ ಇವು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮೂತ್ರ ಬಂದಂತಾದರೂ ಹೋಗದಿರುವುದು ಅಥವಾ ತಿಳಿಯದೆ ಹೋಗಿಬಿಡುವುದು, ಮಲದ ಮೇಲೆ ಹಿಡಿತ ತಪ್ಪುವುದು, ಕುಳಿತಾಗ ಸೈಕಲ್ ಸೀಟಿಗೆ ತಾಗುವಷ್ಟು ಭಾಗ ಮರಗಟ್ಟಿರುವುದು, ಎರಡೂ ಕಾಲುಗಳಲ್ಲಿ ಒಟ್ಟಿಗೇ ಬಲ ಕುಂದುವುದು, ಇವುಗಳಲ್ಲಿ ಯಾವುದೊಂದಿದ್ದರೂ ಬೆನ್ನುಹುರಿಯ ತುದಿಯಿಂದ ಕವಲೊಡೆದು ಇಳಿಯುವ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿರಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ದಿನಗಳಲ್ಲ, ಗಂಟೆಗಳು. ರಾತ್ರಿಯಾಗಿದ್ದರೂ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಂದು ಪಾದ ಎತ್ತಲಾಗದೆ ಚಪ್ಪಲಿ ನೆಲಕ್ಕೆ ಎಳೆದಾಡುತ್ತಿದ್ದರೂ ತಡ ಮಾಡಬಾರದು.

ಮೊದಲ ದಿನಗಳಲ್ಲೇ ಅತಿಯಾಗಿ ಬಸ್ಕಿ ಹೊಡೆದೋ ತೂಕ ಎತ್ತಿಯೋ ಮೈಯೆಲ್ಲ ಬಿಗಿದು, ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದ್ದರೆ, ಸ್ನಾಯುಗಳು ಒಡೆದು ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ ಎಂದರ್ಥ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಜೆ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಯಾವ ಮಗ್ಗುಲಿಗೆ ತಿರುಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ, ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದ್ದು, ಬಿದ್ದು ಪೆಟ್ಟಾಗಿದ್ದು, 50 ದಾಟಿದ ಮೇಲೆ ಮೊದಲ ಬಾರಿಗೆ ಬಂದ ತೀವ್ರ ನೋವು, ಇವು ಅದೇ ಗಂಟೆಯ ತುರ್ತಲ್ಲದಿದ್ದರೂ ಮನೆಯಲ್ಲಿಟ್ಟುಕೊಂಡು ಪರೀಕ್ಷಿಸುವಂಥವಲ್ಲ.

ಕಣ್ಣಿಗೆ ಕಾಣುವ ಬದಲಾವಣೆ

ನೋವಿಲ್ಲದೆ ಆಕಾರ ಮಾತ್ರ ಬದಲಾಗಿದ್ದರೆ ಅದು ಎಷ್ಟು ವಾರಗಳಲ್ಲಿ ಆಯಿತು ಎನ್ನುವುದು ಮುಖ್ಯ ಸುಳಿವು. ವ್ಯಾಯಾಮದ ಮೊದಲ ಎರಡು ಮೂರು ವಾರಗಳಲ್ಲಿ ಹೆಚ್ಚುವ ಶಕ್ತಿ ಬಹುಮಟ್ಟಿಗೆ ನರಗಳು ಸ್ನಾಯುಗಳನ್ನು ದುಡಿಸುವ ರೀತಿ ಸುಧಾರಿಸಿದ್ದರಿಂದ ಬಂದದ್ದು. ಕಣ್ಣಿಗೆ ಕಾಣುವಷ್ಟು ಸ್ನಾಯು ಬೆಳೆಯಲು ಎರಡು ತಿಂಗಳಾದರೂ ಬೇಕಾಗುತ್ತದೆ. ಆದ್ದರಿಂದ ಎರಡು ಮೂರು ತಿಂಗಳ ನಂತರ ಬೆನ್ನೆಲುಬಿನ ಎರಡೂ ಬದಿ ಸಮನಾಗಿ ಉಬ್ಬಿ, ನಡುವಿನ ಗೆರೆ ಆಳವಾದಂತೆ ಕಂಡರೆ ಅದು ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಬಲಿತದ್ದರ ಗುರುತು. ಮೊದಲ ವಾರದಲ್ಲೇ ಒಂದು ಬದಿ ಮಾತ್ರ ಗಟ್ಟಿಯಾಗಿ ಉಬ್ಬಿ, ಒತ್ತಿದರೆ ನೋಯುತ್ತಿದ್ದರೆ ಅದನ್ನು ಬೆಳವಣಿಗೆ ಎನ್ನಲಾಗದು. ಸ್ನಾಯು ಸೆಡೆತುಕೊಂಡಿದೆ, ಅದಕ್ಕೆ ಕಾರಣ ಬೇರೆ ಇದೆ. ಸೊಂಟದ ಕೆಳಗೆ, ಪೃಷ್ಠದ ಮೇಲ್ಭಾಗದಲ್ಲಿ ಎರಡು ಬದಿ ಕಾಣುವ ಕುಳಿಗಳು ಹಲವರಿಗೆ ಹುಟ್ಟಿನಿಂದಲೇ ಇರುತ್ತವೆ. ಕೊಬ್ಬು ಕರಗಿದಾಗ ಅವು ಹೊಸದಾಗಿ ಕಂಡಂತಾಗುತ್ತದೆ, ಅಷ್ಟೆ.

ಮೈ ಒಂದು ಬದಿಗೆ ವಾಲಿರುವುದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ನೋವಿನೊಂದಿಗೆ ಹಠಾತ್ತಾಗಿ ಬಂದ ವಾಲುವಿಕೆ ಸಾಮಾನ್ಯವಾಗಿ ನರದ ಮೇಲಿನ ಒತ್ತಡದಿಂದ ಪಾರಾಗಲು ದೇಹವೇ ಹಿಡಿದ ಭಂಗಿ. ನೋವು ಇಳಿದಂತೆ ಅದೂ ಸರಿಹೋಗುತ್ತದೆ. ನೋವಿಲ್ಲದೆ ಈಗಷ್ಟೇ ಗಮನಕ್ಕೆ ಬಂದಿದ್ದರೆ ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿಕೊಂಡು, ಅಂಗೈಗಳನ್ನು ಜೋಡಿಸಿ ಮುಂದಕ್ಕೆ ಬಾಗಿ. ಬೆನ್ನಿನ ಅಥವಾ ಪಕ್ಕೆಲುಬಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರಕ್ಕೆ ಎದ್ದು ಕಂಡರೆ ಬೆನ್ನೆಲುಬು ಹಿಂದಿನಿಂದಲೂ ತಿರುಚಿಕೊಂಡಿರಬಹುದು. ಅದು ವ್ಯಾಯಾಮದ ತಪ್ಪಲ್ಲ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಹೀಗೆ ಕಂಡರೆ ಮೂಳೆ ವೈದ್ಯರಿಗೆ ತೋರಿಸಲೇಬೇಕು. ನಲವತ್ತರ ಹರೆಯದವರು ಗಾಬರಿಯಾಗುವ ಅಗತ್ಯವಿಲ್ಲ.

ಚರ್ಮದಡಿ ಬೆರಳಿಗೆ ಸಿಕ್ಕು ಜಾರುವ, ಮೆತ್ತಗಿನ, ನೋಯದ ಗಂಟು ಹೆಚ್ಚಾಗಿ ಕೊಬ್ಬಿನದು. ಗಟ್ಟಿಯಾಗಿ ಕಚ್ಚಿಕೊಂಡಿರುವ, ಬೆಳೆಯುತ್ತಿರುವ, ಬಿಸಿಯಾಗಿ ಕೆಂಪಗಾದ ಗಂಟನ್ನು ತೋರಿಸಬೇಕು. ಪೃಷ್ಠದ ಸೀಳಿನ ಮೇಲ್ತುದಿಯಲ್ಲಿ ನೋವು, ಕೀವು ಕಂಡರೆ ಅದು ಕೂದಲು ಒಳಸೇರಿ ಆಗುವ ಹುಣ್ಣು. ನೆಲದ ಮೇಲೆ ಸಿಟ್-ಅಪ್ ಮಾಡುವುದರಿಂದ ಕೆರಳುತ್ತದೆ, ಶಸ್ತ್ರಚಿಕಿತ್ಸಕರು ನೋಡಬೇಕಾದದ್ದು. ಬೆವರಿದ ಪ್ಯಾಂಟಿನ ಪಟ್ಟಿಯ ಕೆಳಗೆ ಉಂಗುರದಂತೆ ಹರಡುವ ತುರಿಕೆ ಹುಳುಕಡ್ಡಿ. ಅದಕ್ಕೆ ಮೆಡಿಕಲ್ ಅಂಗಡಿಯಲ್ಲಿ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಅಡಗಿ ಸೋಂಕು ಬೆಳೆಯುತ್ತದೆ. ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ ಶುರುವಾಗಿ, ಒಂದೆರಡು ದಿನದಲ್ಲಿ ನೀರ್ಗುಳ್ಳೆ ಎದ್ದರೆ ಸರ್ಪಸುತ್ತು. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಾಣು ನಿರೋಧಕ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನವಾಗುವುದರಿಂದ, ಇದನ್ನು ಸ್ನಾಯು ಸೆಳೆತವೆಂದು ಎಣ್ಣೆ ತಿಕ್ಕುತ್ತ ಕೂರಬಾರದು.

ನೋವಿನ ಸಮಯವನ್ನು ಓದುವುದು

ಒಂದು ಪುಸ್ತಕದಲ್ಲಿ ನಾಲ್ಕು ಸಂಗತಿ ಬರೆದಿಡಿ: ಹೊಸ ವ್ಯಾಯಾಮ ಯಾವತ್ತು ಆರಂಭವಾಯಿತು, ಬದಲಾವಣೆ ಯಾವತ್ತು ಗೊತ್ತಾಯಿತು, ಆ ನಡುವೆ ಏನು ಹೆಚ್ಚಿಸಿದಿರಿ, ದಿನದ ಯಾವ ಹೊತ್ತಿನಲ್ಲಿ ಅದು ಜಾಸ್ತಿ. ಈ ನಾಲ್ಕರಿಂದ ತಿಳಿಯುವಷ್ಟು ವಿಷಯ ಎಷ್ಟೋ ಬಾರಿ ಸ್ಕ್ಯಾನಿಂಗ್‌ನಿಂದಲೂ ತಿಳಿಯುವುದಿಲ್ಲ.

ವ್ಯಾಯಾಮದ ಹೊತ್ತಿನಲ್ಲಿ ಏನೂ ಇಲ್ಲದೆ, 12ರಿಂದ 24 ಗಂಟೆಗಳ ನಂತರ ಎರಡೂ ಬದಿ ಮಂದವಾಗಿ ನೋಯತೊಡಗಿ, ಎರಡು ಮೂರನೆಯ ದಿನ ಹೆಚ್ಚಾಗಿ, ವಾರದೊಳಗೆ ತಾನಾಗಿ ಇಳಿದರೆ ಅದು ರೂಢಿಯಿಲ್ಲದ ಸ್ನಾಯು ದುಡಿದದ್ದರ ನೋವು. ಓಡಾಡಿದರೆ ಹಗುರವಾಗುತ್ತದೆ, ಕಾಲಿಗೆ ಇಳಿಯುವುದಿಲ್ಲ. ತೂಕದ ಬಾರ್ ಎತ್ತುತ್ತಿದ್ದ ಆ ಕ್ಷಣದಲ್ಲೇ ಚುಚ್ಚಿದಂತಾಗಿ, ನಂತರ ನೆಟ್ಟಗೆ ನಿಲ್ಲಲಾಗದಿದ್ದರೆ ಅದು ಜನ ಉಳುಕು ಎನ್ನುವ ಬಗೆಯದು: ಸ್ನಾಯು, ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿಬಂಧ, ಚಿಕ್ಕ ಕೀಲು ಅಥವಾ ಡಿಸ್ಕಿನ ಹೊರಪದರ, ಇವುಗಳಲ್ಲಿ ಯಾವುದಕ್ಕಾದರೂ ಪೆಟ್ಟಾಗಿರಬಹುದು, ಮತ್ತು ಮೊದಲ ವಾರದ ಆರೈಕೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಮೂರು ನಾಲ್ಕು ವಾರ ಚೆನ್ನಾಗಿದ್ದು, ತೂಕವೋ ಸಂಖ್ಯೆಯೋ ಏರಿದ ಬಳಿಕ ದಿನದಿಂದ ದಿನಕ್ಕೆ ತುಸು ತುಸು ಸೇರಿಕೊಂಡ ನೋವು ಹೊರೆ ಏರಿಸಿದ ವೇಗಕ್ಕೆ ಸಂಬಂಧಿಸಿದ್ದು. ಇದೇ ಅತಿ ಸಾಮಾನ್ಯ.

ಬೆಳಗಿನ ಬಿಗಿತವನ್ನು ಬೇರೆಯಾಗಿಯೇ ನೋಡಬೇಕು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ಹಾಗಾಗಿ ಬೆಳಿಗ್ಗೆ ನಮ್ಮ ಎತ್ತರ ಸಂಜೆಗಿಂತ ಸುಮಾರು ಒಂದೂವರೆ ಎರಡು ಸೆಂಟಿಮೀಟರ್ ಹೆಚ್ಚಿರುತ್ತದೆ, ಮತ್ತು ಎದ್ದ ಮೊದಲ ಗಂಟೆಯಲ್ಲಿ ಪೂರ್ತಿ ಬಾಗಿದರೆ ಡಿಸ್ಕಿನ ಮೇಲಿನ ಒತ್ತಡ ಹಗಲಿಗಿಂತ ಜಾಸ್ತಿ. ನಾಲ್ಕೂವರೆಗೆ ಎದ್ದು ಐದಕ್ಕೆಲ್ಲ ಸಿಟ್-ಅಪ್‌ಗೆ ಕೂರುವ ನೇಮಕಾತಿ ಅಭ್ಯರ್ಥಿಗಳಿಗೆ ನಾನು ಹೇಳುವ ಮೊದಲ ತಿದ್ದುಪಡಿ ಇದು: ಓಟವನ್ನು ಮೊದಲಿಗೆ ತಂದು, ಬಾಗುವ ವ್ಯಾಯಾಮವನ್ನು ಕೊನೆಗೆ ಇಡಿ. ಇಷ್ಟರಿಂದಲೇ ಸರಿಹೋದವರು ಸಾಕಷ್ಟು ಮಂದಿ ಇದ್ದಾರೆ. ಆದರೆ ಅರ್ಧ ಗಂಟೆಗೂ ಮೀರಿ ಉಳಿಯುವ ಬಿಗಿತ, ನಸುಕಿಗೆ ಮುಂಚೆ ಎಚ್ಚರಗೊಳಿಸುವ ನೋವು, ಕೂತರೆ ಹೆಚ್ಚಿ ವ್ಯಾಯಾಮ ಮಾಡಿದರೆ ಕಡಿಮೆಯಾಗುವ ಸ್ವಭಾವ, ಇವು 45ರೊಳಗಿನವರಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲದಿಂದ ಇದ್ದರೆ ಬೆನ್ನೆಲುಬಿನ ಉರಿಯೂತದ ಸಂಧಿವಾತವನ್ನು ಶಂಕಿಸಬೇಕು. ಅಂಥವರ ವ್ಯಾಯಾಮವನ್ನು ನಿಲ್ಲಿಸುವುದೇ ಅವರಿಗೆ ಮಾಡುವ ದೊಡ್ಡ ಕೆಡುಕು.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಪರೀಕ್ಷೆ

ನಿಧಾನವಾಗಿ ಮುಂದಕ್ಕೆ ಬಾಗಿ, ನೆಟ್ಟಗಾಗಿ, ನಂತರ ಹಿಂದಕ್ಕೆ ಬಾಗಿ ನೋಡಿ. ಮುಂದೆ ಬಾಗಿದಾಗ, ಬಹಳ ಹೊತ್ತು ಕುಳಿತಾಗ, ಕೆಮ್ಮಿದಾಗ, ಸೀನಿದಾಗ ನೋವು ಹೆಚ್ಚಿದರೆ ಡಿಸ್ಕಿನ ಕಡೆಗೆ ಬೆರಳು ತೋರುತ್ತದೆ. ಹಿಂದೆ ಬಾಗಿದಾಗ ಹೆಚ್ಚಿದರೆ ಕಶೇರುಮಣಿಗಳ ಹಿಂಬದಿಯ ಚಿಕ್ಕ ಕೀಲುಗಳ ಕಡೆಗೆ. ಸೊಂಟಪಟ್ಟಿಗಿಂತ ಕೆಳಗೆ, ಒಂದು ಬದಿಯ ಕುಳಿಯ ಹತ್ತಿರವೇ ನೋವಿದ್ದು, ಮೆಟ್ಟಿಲು ಹತ್ತುವಾಗಲೂ ಹಾಸಿಗೆಯಲ್ಲಿ ಮಗ್ಗುಲಾಗುವಾಗಲೂ ಚುಚ್ಚಿದರೆ ಸೊಂಟದ ಮೂಳೆ ಬೆನ್ನೆಲುಬಿಗೆ ಸೇರುವ ಕೀಲು; ಹೆರಿಗೆಯಾದ ಕೆಲವು ತಿಂಗಳೊಳಗೆ ವ್ಯಾಯಾಮ ಆರಂಭಿಸಿದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಮಲಗಿ, ಮಂಡಿ ಮಡಚದೆ ಒಂದೊಂದೇ ಕಾಲನ್ನು ಬೇರೆಯವರಿಂದ ಮೇಲಕ್ಕೆತ್ತಿಸಿಕೊಳ್ಳಿ. ತೊಡೆಯ ಹಿಂಭಾಗ ಎಳೆದಂತಾದರೆ ಅದು ಸ್ನಾಯುವಿನ ಬಿಗಿತ ಮಾತ್ರ. ಕಾಲು 30ರಿಂದ 70 ಡಿಗ್ರಿಯ ನಡುವೆ ಇರುವಾಗ ಮಂಡಿಗಿಂತ ಕೆಳಕ್ಕೆ ಕರೆಂಟು ಹೊಡೆದಂತೆ ನೋವು ಇಳಿದರೆ ನರದ ಬೇರು ಕೆರಳಿದೆ. ಸೊಂಟದ 5 ಮಣಿಗಳಲ್ಲಿ ಕೊನೆಯ ಎರಡರ ನಡುವಿನದು ಮತ್ತು ಅದಕ್ಕೂ ಕೆಳಗಿನದು, ಈ ಎರಡು ಡಿಸ್ಕ್‌ಗಳೇ ಹೆಚ್ಚಾಗಿ ಜಾರುವಂಥವು. ನಂತರ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಯಿರಿ. ನೋವಿದ್ದರೂ ಎರಡನ್ನೂ ಮಾಡಲಾದರೆ ನರಗಳ ಬಲ ಉಳಿದಿದೆ ಎಂದು ಬಹುಮಟ್ಟಿಗೆ ಸಮಾಧಾನಪಡಬಹುದು. ಒಂದು ಕಾಲಿನಲ್ಲಿ ಆಗದೇ ಹೋದರೆ ಆ ವಾರವೇ ವೈದ್ಯರನ್ನು ಕಾಣಬೇಕು; ಅದು ದಿನೇದಿನೇ ಹೆಚ್ಚುತ್ತಿದ್ದರೆ ಅಂದೇ.

ಅಂತರಗಂಗೆಯ ಮೆಟ್ಟಿಲುಗಳೇ ಒಂದು ಪರೀಕ್ಷೆಯಾಗುವುದೂ ಉಂಟು. ಅರವತ್ತರ ಆಸುಪಾಸಿನವರು "ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಎರಡೂ ಕಾಲು ಸೋತುಹೋಗುತ್ತವೆ, ಕಟ್ಟೆಯ ಮೇಲೆ ಸ್ವಲ್ಪ ಕೂತರೆ ಸರಿಹೋಗುತ್ತದೆ" ಎಂದು ಹೇಳಿದರೆ ಬೆನ್ನೆಲುಬಿನ ನಾಳ ಕಿರಿದಾಗಿರುವ ಸಾಧ್ಯತೆ ಇದೆ. ಹತ್ತುವಾಗ ಮೈ ಮುಂದಕ್ಕೆ ಬಾಗುವುದರಿಂದ ನಾಳ ಹಿಗ್ಗುತ್ತದೆ, ಇಳಿಯುವಾಗ ಮೈ ಹಿಂದಕ್ಕೆ ವಾಲುವುದರಿಂದ ಕುಗ್ಗುತ್ತದೆ. ಇದನ್ನು ಮೆಟ್ಟಿಲುಗಳು ಉಂಟುಮಾಡಿದ್ದಲ್ಲ. ವರ್ಷಗಳಿಂದ ಆಗುತ್ತ ಬಂದದ್ದನ್ನು ಅವು ಮೊದಲು ತೋರಿಸಿಕೊಟ್ಟವು.

ಬಾಗಿದಾಗ, ತಿರುಗಿದಾಗ ಬರುವ ಸದ್ದಿನೊಂದಿಗೆ ನೋವಿಲ್ಲದಿದ್ದರೆ ಅದರ ಬಗ್ಗೆ ಏನನ್ನೂ ಮಾಡಬೇಕಾಗಿಲ್ಲ.

ಯಾವ ವ್ಯಾಯಾಮ ಎಂದು ಕಂಡುಹಿಡಿಯುವುದು

ಇಲ್ಲಿ ತಾಳ್ಮೆ ಬೇಕು. ನೋವು ಬಂದೊಡನೆ ಎಲ್ಲವನ್ನೂ ನಿಲ್ಲಿಸಿ, ಕಡಿಮೆಯಾದೊಡನೆ ಎಲ್ಲವನ್ನೂ ಮತ್ತೆ ಶುರುಮಾಡಿದರೆ ಕಾರಣ ಎಂದಿಗೂ ಗೊತ್ತಾಗುವುದಿಲ್ಲ. ಅತಿ ಹೆಚ್ಚು ಅನುಮಾನವಿರುವ ಒಂದನ್ನು ಮಾತ್ರ ತೆಗೆದು, ಉಳಿದುದನ್ನು ಅರ್ಧ ಪ್ರಮಾಣಕ್ಕಿಳಿಸಿ ಒಂದು ವಾರ ನೋಡಬೇಕು. ನೋವು ಇಳಿದರೆ ತೆಗೆದದ್ದನ್ನು ಕಡಿಮೆ ತೂಕದಲ್ಲಿ ಮರಳಿ ಸೇರಿಸಿ ಇನ್ನೊಂದು ವಾರ. ಮತ್ತೆ ಬಂದರೆ ಕಾರಣ ಅದೇ.

ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಅನುಮಾನಿಸಬೇಕಾದದ್ದು ಬಾರ್ ಕಾಲಿನಿಂದ ದೂರ ಹೋಗುವುದನ್ನು, ಮತ್ತು ಕೊನೆಯ ಎರಡು ಮೂರು ಬಾರಿ ಸೊಂಟ ಗುಂಡಾಗುವುದನ್ನು. ಸ್ಕ್ವಾಟ್‌ನಲ್ಲಿ ಪೂರ್ತಿ ಕೆಳಗಿಳಿದಾಗ ಸೊಂಟದ ಮೂಳೆ ಒಳಕ್ಕೆ ಮಡಚಿಕೊಳ್ಳುತ್ತದೆಯೇ ಎಂದು ಪಕ್ಕದಿಂದ ಮೊಬೈಲ್‌ನಲ್ಲಿ ಚಿತ್ರಿಸಿ ನೋಡಿ. ಮಡಚಿಕೊಳ್ಳುವುದಕ್ಕೆ ಒಂದು ಗೇಣು ಮೇಲೆಯೇ ನಿಲ್ಲಿ. ಪಾದಗಳನ್ನು ಒತ್ತಿಹಿಡಿಸಿ ಮಾಡಿಸುವ ಸಿಟ್-ಅಪ್‌ನಲ್ಲಿ ಹೊಟ್ಟೆಗಿಂತ ಹೆಚ್ಚಾಗಿ ದುಡಿಯುವುದು ಸೊಂಟದ ಮಣಿಗಳಿಂದ ತೊಡೆಗೆ ಇಳಿಯುವ ಸ್ನಾಯು. ಅದು ಎಳೆದಾಗೆಲ್ಲ ಮಣಿಗಳ ಮೇಲೆ ಒತ್ತಡ ಬೀಳುತ್ತದೆ. ಸೊಂಟದ ದೂರಿರುವವರಿಗೆ ಅದರ ಬದಲು ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಸಾಕು.

ಸೂರ್ಯ ನಮಸ್ಕಾರ ಮೃದುವಾದ ವ್ಯಾಯಾಮ ಎಂಬ ನಂಬಿಕೆಯನ್ನು ಸಂಖ್ಯೆಯೊಂದಿಗೆ ಸೇರಿಸಿ ನೋಡಬೇಕು. ರೂಢಿಯಲ್ಲಿರುವ 12 ಹಂತಗಳ ಕ್ರಮದಲ್ಲಿ ಪ್ರತಿ ಸುತ್ತಿಗೆ ಪಾದಹಸ್ತಾಸನ ಎರಡು ಬಾರಿ ಬರುತ್ತದೆ. ಹಿಂದಕ್ಕೆ ಬಾಗುವುದು, ಭುಜಂಗಾಸನವನ್ನೂ ಸೇರಿಸಿ, ಮೂರು ಬಾರಿ. ರಥಸಪ್ತಮಿಗೆಂದು 108 ಸುತ್ತು ಹಾಕುವವರು 216 ಬಾರಿ ಮುಂದಕ್ಕೆ, 324 ಬಾರಿ ಹಿಂದಕ್ಕೆ ಬಾಗಿರುತ್ತಾರೆ. ವರ್ಷಗಟ್ಟಲೆ ಮಾಡಿಕೊಂಡು ಬಂದವರ ಬೆನ್ನು ಅದನ್ನು ತಾಳುತ್ತದೆ. ಕಳೆದ ತಿಂಗಳು ಸೇರಿದವರ ಬೆನ್ನು ತಾಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. 6 ಸುತ್ತಿನಿಂದ ತೊಡಗಿ, ಮಂಡಿಯನ್ನು ತುಸು ಮಡಚಿ ಬಾಗಿದರೆ ಸೊಂಟದ ಮೇಲಿನ ಎಳೆತ ಬಹಳ ಕಡಿಮೆಯಾಗುತ್ತದೆ.

ವ್ಯಾಯಾಮದ ಪಟ್ಟಿಯಲ್ಲಿ ಯಾವ ತಪ್ಪೂ ಕಾಣದಿದ್ದರೆ ದಿನದ ಉಳಿದ ಇಪ್ಪತ್ತಮೂರು ಗಂಟೆಗಳನ್ನು ನೋಡಿ. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಎತ್ತಿಡುವ ಯುವಕ ಹದಿನೈದು ಕಿಲೋದ ಬಾಕ್ಸನ್ನು ಬೆಳಗಿನಿಂದ ನೂರಾರು ಬಾರಿ, ಅದೂ ಸೊಂಟ ತಿರುಚಿ, ಎತ್ತಿರುತ್ತಾನೆ. ಸಂಜೆ ಜಿಮ್‌ನಲ್ಲಿ ಅವನು ಎತ್ತುವ ತೂಕ ಪಕ್ಕದಲ್ಲಿರುವ ಕಾಲೇಜು ಹುಡುಗನ ತೂಕದಷ್ಟೇ ಇದ್ದರೂ ಇಬ್ಬರ ಸೊಂಟಕ್ಕೆ ಬಿದ್ದ ಹೊರೆ ಬೇರೆ ಬೇರೆ. ಬಂಗಾರಪೇಟೆಯಿಂದ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿಬರುವವರದು ಇನ್ನೊಂದು ಬಗೆ: ಹೋಗುವಾಗ ಬರುವಾಗ ರೈಲಿನಲ್ಲಿ, ನಡುವೆ ಕಚೇರಿಯಲ್ಲಿ ಕೂತೇ ಇದ್ದು, ಇಳಿದೊಡನೆ ನೇರವಾಗಿ ಜಿಮ್‌ಗೆ ಹೋಗಿ ಭಾರ ಎತ್ತುತ್ತಾರೆ. ಅವರಿಗೆ ಹತ್ತು ನಿಮಿಷದ ನಡಿಗೆಯೇ ಅರ್ಧ ಮದ್ದು. ಹಸು ಸಾಕಿದ ಮನೆಯ ಹೆಂಗಸರಿಗೆ ಬಾಗಿ ಸಗಣಿ ಬಾಚುವುದು, ಹಾಲು ಕರೆಯುವುದು, ಕ್ಯಾನ್ ಹೊರುವುದು ಇವೆಲ್ಲ ಮುಗಿದ ಮೇಲೆ ಯೋಗ ತರಗತಿ. ಅವರ ಪಟ್ಟಿಯಲ್ಲಿ ಮುಂದಕ್ಕೆ ಬಾಗುವ ಆಸನಗಳೇ ಬೇಡ. ಬೆನ್ನಿನ ಮೇಲೆ ಮಲಗಿ ಮಾಡುವ ಸೇತುಬಂಧಾಸನದಂಥವು ಅವರ ಬೆನ್ನಿಗೆ ಹೆಚ್ಚು ಹಿತ.

ನಮ್ಮ ನೀರು

ಎಲ್ಲ ತಿದ್ದಿದ ಮೇಲೂ ಹೋಗದ ಬಿಗಿತವನ್ನು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿಯೂ ತುಮಕೂರಿನ ಪಾವಗಡದ ಕಡೆಯೂ ನೋಡುವಾಗ ಫ್ಲೋರೈಡನ್ನು ಮರೆಯಬಾರದು. ಇಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯ. ಗ್ರಾನೈಟ್ ಬಂಡೆಯೊಳಗಿನ ಖನಿಜಗಳಿಂದ ಫ್ಲೋರೈಡ್ ಆ ನೀರಿಗೆ ಕರಗಿ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರುವುದು ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಗಳು ಗಡುಸಾಗಿ, ಅಸ್ಥಿಬಂಧಗಳಲ್ಲಿ ಸುಣ್ಣ ಕೂತು, ಕುತ್ತಿಗೆ, ಸೊಂಟ, ಮಂಡಿಗಳು ಮೊದಲು ಬಿಗಿಯುತ್ತವೆ. ಬದುಕು ಹೇಗೋ ಅದಕ್ಕೆ ಹೊಂದಿಕೊಂಡಿರುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ಯೋಗ ತರಗತಿಗೆ ಹೋಗಿ, ಎಲ್ಲರಂತೆ ಬಾಗಲು ಹೇಳಿದಾಗ ಮಾತ್ರ ಸೊಂಟ ಬಾಗುವುದಿಲ್ಲವೆಂದು ತಿಳಿಯುತ್ತದೆ. ಆಗ ಬಲವಂತವಾಗಿ ಬಾಗಿದರೆ ನೋವು, ಮತ್ತು ದೂರು ಯೋಗದ ಮೇಲೆ.

ಇದನ್ನು ಶಂಕಿಸಲು ಉಪಕರಣ ಬೇಡ. ಮಂಡಿ ಮಡಚದೆ ನೆಲದ ಮೇಲಿನ ನಾಣ್ಯ ಎತ್ತುವುದು, ಗಲ್ಲವನ್ನು ಎದೆಗೆ ಮುಟ್ಟಿಸುವುದು, ತೋಳುಗಳನ್ನು ಪಕ್ಕಕ್ಕೆ ಚಾಚಿ ಮಡಚಿ ತಲೆಯ ಹಿಂಭಾಗ ಮುಟ್ಟುವುದು, ಈ ಮೂರನ್ನು ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದ ಬರುವ ಈ ಕಾಯಿಲೆಯ, ತಪಾಸಣೆಯಲ್ಲಿ ಮಾಡಿಸುತ್ತಾರೆ. ಬರಿಯ ಸೊಂಟದ ತೊಂದರೆಯಾದರೆ ಮೊದಲನೆಯದು ಮಾತ್ರ ಕಷ್ಟವಾಗುತ್ತದೆ. ಮೂರೂ ಆಗದಿದ್ದರೆ ಸಮಸ್ಯೆ ಇಡೀ ಮೈಯದು. ಬಾಲ್ಯವನ್ನು ಅದೇ ಊರಿನಲ್ಲಿ ಕಳೆದವರ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದರೆ ಶಂಕೆ ಬಲವಾಗುತ್ತದೆ. ಆದರೆ ದೊಡ್ಡವರಾದ ಮೇಲೆ ಮದುವೆಯಾಗಿಯೋ ಕೆಲಸಕ್ಕೋ ಆ ಊರಿಗೆ ಬಂದವರ ಹಲ್ಲು ಬೆಳ್ಳಗೇ ಇರುತ್ತದೆ, ಮೂಳೆ ಕೆಟ್ಟಿರಬಹುದು. ಹಲ್ಲು ನೋಡಿ ತಳ್ಳಿಹಾಕಬೇಡಿ. ಖಚಿತಪಡಿಸಿಕೊಳ್ಳಲು ನೀರಿನ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆ, ಮುಂಗೈಯ ಎಕ್ಸ್‌ರೇ ಬೇಕು. ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮವೊಂದು 2008-09ರಿಂದ ಇದ್ದು, ಜಿಲ್ಲಾ ಆಸ್ಪತ್ರೆಯಲ್ಲಿ ಈ ವಿಷಯ ವಿಚಾರಿಸಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರನ್ನು ಕುಡಿಯುವುದಕ್ಕಷ್ಟೇ ಅಲ್ಲ, ಮುದ್ದೆ, ಸಾರು, ಟೀಗೂ ಬಳಸಬೇಕು. ಈಗಾಗಲೇ ಗಡುಸಾದ ಮೂಳೆಯನ್ನು ಮೊದಲಿನಂತೆ ಮಾಡುವ ಮದ್ದಿಲ್ಲವಾದ್ದರಿಂದ ನೀರು ಬದಲಿಸುವುದನ್ನು ಎಷ್ಟು ಬೇಗ ಮಾಡಿದರೆ ಅಷ್ಟು ಉಳಿಯುತ್ತದೆ. ಇವರು ವ್ಯಾಯಾಮ ಬಿಡಬೇಕಾಗಿಲ್ಲ. ಬಾಗುವ ಗುರಿಯನ್ನು ಬಿಟ್ಟು, ನಡಿಗೆ ಮತ್ತು ಹಗುರ ಶಕ್ತಿ ವ್ಯಾಯಾಮ ಮುಂದುವರಿಸಬೇಕು.

ವ್ಯಾಯಾಮ ಬಯಲಿಗೆ ತರುವ ಬೇರೆ ಕೆಲವು

ಬೆನ್ನೆಲುಬಿನ ಕ್ಷಯದಲ್ಲಿ ಕೆಮ್ಮೇ ಇಲ್ಲದೆ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಕೆ ಮಾತ್ರ ಇರಬಹುದು. ಜಿಮ್‌ಗೆ ಸೇರಿದ ಹೊಸತರಲ್ಲಿ ತೂಕ ಇಳಿದರೆ ಎಲ್ಲರೂ ಸಂತೋಷಪಡುವುದರಿಂದ ಇದು ತಪ್ಪಿಸಿಕೊಂಡುಬಿಡುತ್ತದೆ. ಹದಿಹರೆಯದ ವೇಗದ ಬೌಲರ್‌ಗಳಿಗೆ, ಒಂಟಿಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ಒಂದೇ ಕಡೆ ನೋಯುವಂತಿದ್ದರೆ, ಕಶೇರುಮಣಿಯ ಹಿಂಭಾಗದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅವರು ಆಟ ನಿಲ್ಲಿಸಿ ತೋರಿಸಬೇಕು. ಮುಟ್ಟು ನಿಂತ ಮಹಿಳೆಯರಲ್ಲಿ ಎತ್ತರ ಕುಗ್ಗಿದ್ದರೆ ಮೂಳೆ ಸವೆತವಿರಬಹುದಾದ್ದರಿಂದ ಮುಂದಕ್ಕೆ ಬಾಗಿ ಭಾರ ಎತ್ತಿಸಬಾರದು. ಯಾವ ಭಂಗಿಗೂ ಬಗ್ಗದೆ ಅಲೆಅಲೆಯಾಗಿ ಬಂದು ಪಕ್ಕೆಯಿಂದ ತೊಡೆಸಂಧಿಗೆ ಇಳಿಯುವ ನೋವು ಮೂತ್ರಪಿಂಡದ ಕಲ್ಲಿನದು. ಬೆವರು ಹೆಚ್ಚಿಸಿಕೊಂಡು ನೀರು ಕುಡಿಯುವುದನ್ನು ಹೆಚ್ಚಿಸದವರಲ್ಲಿ ಅದನ್ನು ನೋಡುತ್ತೇವೆ.

ಕಾರಣ ತಿಳಿಯುವವರೆಗೆ ಏನು ಮಾಡಬೇಕು

ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯುವುದರಿಂದ ನಷ್ಟವೇ ಹೊರತು ಲಾಭವಿಲ್ಲ. ನೋವು ಹತ್ತರಲ್ಲಿ ಮೂರು ನಾಲ್ಕರಷ್ಟೇ ಏರುವ ಮಿತಿಯಲ್ಲಿ ದಿನಕ್ಕೆ ಹಲವು ಸಲ ಸಮತಟ್ಟಾದ ದಾರಿಯಲ್ಲಿ ನಡೆಯಿರಿ. ಸೊಂಟ ನೋವು ವಾಸಿಯಾದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ರಮವಾಗಿ ಹೆಚ್ಚಿಸುವ ನಡಿಗೆಯನ್ನು ಕಲಿತವರಿಗೆ ನೋವು ಮರುಕಳಿಸುವವರೆಗಿನ ಮಧ್ಯಕ ಅವಧಿ 208 ದಿನಗಳಿತ್ತು, ಕಲಿಯದವರಿಗೆ 112. ಬಿಸಿನೀರಿನ ಶಾಖ ಹಿತವಾಗಿದ್ದರೆ ಕೊಡಬಹುದು, ಅದೇ ಜಾಗಕ್ಕೆ ದಿನಗಟ್ಟಲೆ ಕೊಟ್ಟರೆ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಬೀಳುತ್ತದೆ. ಡೈಕ್ಲೋಫಿನಾಕ್, ಐಬುಪ್ರೊಫೆನ್‌ಗಳನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಮೂತ್ರಪಿಂಡ, ಹೃದಯ ಅಥವಾ ಹೊಟ್ಟೆಹುಣ್ಣಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ನೋವು ನಿವಾರಕ ಚುಚ್ಚುಮದ್ದು ಹಾಕಿಸಿಕೊಂಡು ಅದೇ ಸಂಜೆ ಬಾರ್ ಎತ್ತುವುದು ನಾನು ಕಂಡ ಅತ್ಯಂತ ಅಪಾಯದ ಅಭ್ಯಾಸ.

ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಹಿರಿಯರ ಮಾತನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಸಾಮಾನ್ಯ ಉಳುಕು ವಾರದೊಳಗೆ ತಾನಾಗಿಯೇ ಇಳಿಯುವುದರಿಂದ ಯಾರು ಏನು ಮಾಡಿದ್ದರೂ ಅದರಿಂದಲೇ ಹೋಯಿತು ಎನಿಸುತ್ತದೆ. ಆದರೆ ಡಿಸ್ಕ್ ಜಾರಿರುವವರಿಗೆ, ಮೂಳೆ ಸವೆದವರಿಗೆ, ಕ್ಷಯ ತಗುಲಿದ ಬೆನ್ನೆಲುಬಿಗೆ ಆ ಒಂದು ಒದೆತ ಸಾಕು, ಕಾಲಿನ ಬಲವೇ ಹೋಗಬಹುದು. ದಯವಿಟ್ಟು ಮಾಡಿಸಬೇಡಿ.

ಸ್ಕ್ಯಾನಿಂಗ್‌ಗೆ ಅವಸರ ಬೇಡ. ಮೊದಲು ಹೇಳಿದ ಅಪಾಯದ ಲಕ್ಷಣಗಳಿಲ್ಲದಿದ್ದರೆ ಆರು ವಾರದವರೆಗೆ ಎಂಆರ್‌ಐ ಅಗತ್ಯವಿಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಇಪ್ಪತ್ತರ ವಯಸ್ಸಿನವರಲ್ಲಿ ಶೇ. 30ರಷ್ಟು, ಎಂಬತ್ತರವರಲ್ಲಿ ಶೇ. 84ರಷ್ಟು ಮಂದಿಗೆ ಡಿಸ್ಕ್ ಉಬ್ಬಿದ್ದು ಕಂಡಿತ್ತು. ವರದಿಯಲ್ಲಿ ಉಬ್ಬು ಎಂದು ಬರೆದಿರುವುದೇ ನಿಮ್ಮ ನೋವಿನ ಕಾರಣ ಎಂದು ಹೇಳಲಾಗದು. ಅದು ನಿಮ್ಮ ಲಕ್ಷಣದ ಬದಿಗೆ, ನರಕ್ಕೆ, ಪರೀಕ್ಷೆಗೆ ಹೊಂದಬೇಕು.

ಎರಡು ವಾರ ತಿದ್ದಿಯೂ ಇಳಿಯದ, ಅಥವಾ ಆರು ವಾರವಾದರೂ ಪೂರ್ತಿ ಹೋಗದ ಬದಲಾವಣೆಗೆ ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟ್ ಅವರನ್ನೋ ಕಾಣಿ. ಹೋಗುವಾಗ ನಾಲ್ಕು ಸಂಗತಿ ಬರೆದಿಟ್ಟ ಆ ಪುಸ್ತಕ, ಒಂದೊಂದೇ ವ್ಯಾಯಾಮ ತೆಗೆದಾಗ ಏನಾಯಿತು ಎಂಬ ಟಿಪ್ಪಣಿ, ಪಕ್ಕದಿಂದ ತೆಗೆದ ಮೊಬೈಲ್ ಚಿತ್ರೀಕರಣ, ನುಂಗಿದ ಮಾತ್ರೆಗಳ ಪಟ್ಟಿ ಇವುಗಳನ್ನು ತೆಗೆದುಕೊಂಡು ಹೋಗಿ. ಹಳ್ಳಿಯಿಂದ ಬರುವವರು ಕುಡಿಯುವ ನೀರು ಯಾವ ಕೊಳವೆಬಾವಿಯದು, ಎಷ್ಟು ವರ್ಷದಿಂದ ಅದನ್ನೇ ಕುಡಿಯುತ್ತಿದ್ದೀರಿ ಎಂಬುದನ್ನು, ಯಾರೂ ಕೇಳದಿದ್ದರೂ, ತಾವಾಗಿಯೇ ಹೇಳಿ.